ಫರಸಿ ನಾಡಿನ ನೀರಿಗೊಂದು ಮೀನಿನ ಮನೆ

ನಮ್ಮ ಕಡೆ ನೀರು ಕಾಯಿಸುವ ಪಾತ್ರೆಯೊಳಗೆ ಬಿಳಿ ಪೊರೆ ಕಟ್ಟುವುದು ಹೊಸ ಸುದ್ದಿಯೇನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಎಲ್ಲಿಗೇ ಹೋಗಿ, ಬೋರ್‌ವೆಲ್ ನೀರಿನ ಮನೆಯಾದರೆ ನಲ್ಲಿಯ ಬಾಯಿಗೆ ಸುಣ್ಣ, ಗೀಸರ್ ಬಿಚ್ಚಿದರೆ ಸುಣ್ಣ. ಸೋಪು ಉಜ್ಜಿದರೆ ನೊರೆ ಬಾರದು, ಬೇಳೆ ಇಟ್ಟರೆ ಬೇಗ ಬೇಯದು. ಅದಕ್ಕೇ ಯಾರಾದರೂ ಮನೆಯಲ್ಲಿ ಮೀನು ಸಾಕುವ ಮಾತೆತ್ತಿದರೆ ಹಿರಿಯರು ಥಟ್ಟನೆ ಹೇಳುತ್ತಾರೆ: ‘ಈ ನೀರಿನ್ಯಾಗ ಮೀನ ಬದುಕಂಗಿಲ್ಲ ಬಿಡು.’

ಬದುಕುತ್ತವೆ. ಚೆನ್ನಾಗಿಯೇ ಬದುಕುತ್ತವೆ. ಆದರೆ ನೀರಿಗೆ ತಕ್ಕ ಮೀನನ್ನು ಆರಿಸಬೇಕು, ಆ ಮೀನನ್ನು ಎಲ್ಲಕ್ಕಿಂತ ಕೊನೆಗೆ ತರಬೇಕು. ಇಷ್ಟನ್ನು ಹೇಳುವುದಕ್ಕೇ ಈ ಲೇಖನ.

ಬ್ಯಾಂಕಿನ ಗುಮಾಸ್ತನಾಗಿ ವರ್ಗಾವಣೆಯ ಮೇಲೆ ವರ್ಗಾವಣೆ ಕಂಡು, ಈ ನಾಲ್ಕು ಊರುಗಳ ಜೊತೆಗೆ ಚಿಂಚೋಳಿಯ ನೀರನ್ನೂ ಕುಡಿದವನು ನಾನು. ನಿವೃತ್ತಿಯಾದ ಮೇಲೆ ಸೇಡಂನ ಮನೆಯ ಪಡಸಾಲೆಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಪ್ಲಾಸ್ಟಿಕ್ ಗಿಡವಿಲ್ಲ, ಗುಳ್ಳೆ ಬಿಡುವ ಬಣ್ಣದ ಗೊಂಬೆಯಿಲ್ಲ. ಇರುವುದು ಉಸುಕು, ಜೀವಂತ ಗಿಡ, ಹತ್ತು-ಹನ್ನೆರಡು ಸಣ್ಣ ಮೀನು ಮತ್ತು ಕೆಲವು ಬಸವನ ಹುಳು. ಪಕ್ಕದಲ್ಲೊಂದು ನೋಟುಬುಕ್ಕು. ನಾನು ಅದರಲ್ಲಿ ಬರೆಯುವುದನ್ನು ಕಂಡಾಗಲೆಲ್ಲ ಮನೆಯವರು ನಗುತ್ತಾರೆ: ‘ನಿಮ್ಮ ಬ್ಯಾಂಕಿನ ಕೆಲಸ ಇನ್ನಾ ಮುಗಿದಿಲ್ಲೇನು?’

ಕಲ್ಲು ನೀರಾಗುವ ಲೆಕ್ಕ

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಒಡೆದ ಶಹಾಬಾದ ಫರಸಿಯ ಚೂರು ತೆಗೆದುಕೊಳ್ಳಿ. ಮೊಳೆಯಿಂದ ಕೆರೆದು ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಕಣ್ಣು ಹತ್ತಿರ ತಂದು ನೋಡಿದರೆ ಸಣ್ಣ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಫರಸಿ ಎಂದರೆ ಸುಣ್ಣದಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕರಗುತ್ತದೆ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗಿ ನೆಲಕ್ಕೆ ಇಳಿಯುತ್ತದೆ. ಕೆಳಗೆ ನಮ್ಮ ಭೀಮಾ ಸೀಮೆಯ ಸುಣ್ಣದಕಲ್ಲು ಹಾಸಿಕೊಂಡಿದೆ. ಈ ಕಲ್ಲಿಗೆ ಐವತ್ತು ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಸುಣ್ಣದಕಲ್ಲಿನಲ್ಲೇ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿಗಾಗಿಯೇ. ಅದನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡ ನೀರು ನಮ್ಮ ಬೋರ್‌ವೆಲ್‌ಗೆ ಬರುತ್ತದೆ. ಅದನ್ನೇ ನಾವು ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪಿತ. ಬೇರೆ ನೀರೇ ಸಿಗದಿದ್ದಾಗ 600ರವರೆಗೂ ನಡೆಯುತ್ತದೆ.

ಎಲ್ಲ ಊರಿನ ನೀರೂ ಒಂದೇ ಅಲ್ಲ. ಚಿಂಚೋಳಿ ತಾಲ್ಲೂಕಿನ ಗುಡ್ಡಗಳ ಕಡೆ ಕೆಂಪು ಜಂಬಿಟ್ಟಿಗೆ, ಕಪ್ಪು ಕಲ್ಲು ಹೆಚ್ಚು. ಒಂದೇ ಓಣಿಯಲ್ಲಿ ಎರಡು ಬೋರ್‌ವೆಲ್‌ಗಳ ನೀರು ಬೇರೆ ಬೇರೆ ಇರುವುದೂ ಉಂಟು. ಆದ್ದರಿಂದ ಊಹೆ ಬೇಡ. ಮೀನಿನ ಅಂಗಡಿಗಳಲ್ಲಿ ಸಿಗುವ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಒಂದನ್ನು ಮೊದಲೇ ಕೊಳ್ಳಿ. ಪಿಎಚ್, ಅಮೋನಿಯಾ, ನೈಟ್ರೈಟ್ ಈ ಮೂರನ್ನು ಅಳೆಯಲು ಬಂದರೆ ಸಾಕು. ಮೀನಿಗೆ ಕೊಡುವ ಹಣಕ್ಕಿಂತ ಇದಕ್ಕೆ ಕೊಡುವ ಹಣ ಮುಖ್ಯ.

ವಿಷ ಎಲ್ಲಿಂದ ಬಂತು?

ಕೆಲವು ವರ್ಷಗಳ ಹಿಂದೆ ಎದುರು ಮನೆಯ ಹುಡುಗಿಗೆ ಹುಟ್ಟುಹಬ್ಬಕ್ಕೆಂದು ಅವರಪ್ಪ ತೊಟ್ಟಿಯನ್ನೂ ಹತ್ತು ಬಂಗಾರದ ಮೀನುಗಳನ್ನೂ ಒಂದೇ ದಿನ ತಂದುಕೊಟ್ಟರು. ಐದನೇ ದಿನದಿಂದ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಒಂಬತ್ತನೇ ದಿನಕ್ಕೆ ಉಳಿದದ್ದು ಎರಡು. ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

‘ಮುತ್ಯಾ, ನಮ್ಮ ನೀರಿನ್ಯಾಗ ವಿಷ ಅದ ಏನ್ರಿ?’

‘ನೀರಿನ್ಯಾಗ ವಿಷ ಇದ್ದಿಲ್ಲವ್ವಾ. ಆಮ್ಯಾಲ ಆಗ್ಯಾದ’ ಎಂದೆ. ಅವಳ ತೊಟ್ಟಿಯ ನೀರು ತಂದು ಪರೀಕ್ಷಿಸಿದೆವು. ಪಿಎಚ್ ಎಂಟರ ಮೇಲೆ. ಅಮೋನಿಯಾದ ಹನಿ ಹಾಕಿದೊಡನೆ ನೀರು ಕಡುಹಸಿರಾಯಿತು.

ಏನಾಗಿತ್ತೆಂದರೆ, ಮೀನು ತಿಂದದ್ದರಲ್ಲಿ ಒಂದು ಭಾಗ ಅಮೋನಿಯಾ ಆಗಿ ಅದರ ಕಿವಿರುಗಳಿಂದ ನೀರಿಗೆ ಬರುತ್ತದೆ. ತಿನ್ನದೇ ಉಳಿದ ಕಾಳು ಕೊಳೆತರೂ ಅಮೋನಿಯಾ. ನದಿಯಲ್ಲಾದರೆ ಅದು ಹರಿದು ಚದುರಿ ಹೋಗುತ್ತದೆ. ಐವತ್ತು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದಾದರೂ ಎಲ್ಲಿಗೆ?

ನಮ್ಮ ಸೀಮೆಯವರು ಗಮನಿಸಲೇಬೇಕಾದ ಸಂಗತಿ ಇಲ್ಲಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಹೆಚ್ಚು ತೊಂದರೆ ಕೊಡದ್ದು, ಇನ್ನೊಂದು ಕಿವಿರನ್ನು ಸುಡುವಂಥದ್ದು. ಇಪ್ಪತ್ತೈದು ಡಿಗ್ರಿ ಶಾಖದ ನೀರಿನ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಸುಡುವ ರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ನೂರಕ್ಕೆ ಐದು ದಾಟುತ್ತದೆ. ನೀರು ಬಿಸಿಯಾದಂತೆ ಇನ್ನೂ ಏರುತ್ತದೆ. ಅಂದರೆ ಮೆದುನೀರಿನ ಊರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವಷ್ಟು ಕೊಳೆ, ಶಹಾಬಾದಿನಲ್ಲಿ ಅದನ್ನು ಕೊಲ್ಲಬಲ್ಲದು. ‘ಈ ನೀರಿನ್ಯಾಗ ಮೀನ ಬದುಕಂಗಿಲ್ಲ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟಿರುವುದು ಇಲ್ಲಿಂದಲೇ ಇರಬೇಕು. ಅವರು ದೂರುವುದು ಸುಣ್ಣವನ್ನು, ಮೀನನ್ನು ಕೊಂದದ್ದು ಅವಸರ.

ಕಾಣದ ಕೆಲಸಗಾರರು

ಅಮೋನಿಯಾ ತಿಂದು ಬದುಕುವ ಸೂಕ್ಷ್ಮಾಣುಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ಮೀನಿಗೆ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಹೆಚ್ಚು ಕೂಡಿಬೀಳದಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಕ್ಕಂತೂ ಗೊಬ್ಬರ. ಹೊಲದ ಮಣ್ಣಿನಲ್ಲೂ ನಡೆಯುವ ಈ ಕೆಲಸವನ್ನು ಮಾಡುವ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ.

ಈ ಕೆಲಸಗಾರರು ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಉಸುಕಿನ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ, ಎಲೆಗಳ ಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬೇಡ. ಖಾಲಿ ತೊಟ್ಟಿಗೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಅದು ಕೊಳೆತು ಅವುಗಳಿಗೆ ಊಟವಾಗುತ್ತದೆ. ವಾರಕ್ಕೆರಡು ಸಲ ಪರೀಕ್ಷಿಸಿ ಬರೆದಿಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಗೆ ಬಂದು ನಿಂತ ದಿನ ತೊಟ್ಟಿ ತಯಾರು. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ತೊಟ್ಟಿಯಿದ್ದರೆ ಅದರ ಫಿಲ್ಟರಿನ ಸ್ಪಂಜಿನ ತುಂಡೊಂದನ್ನು ಕೇಳಿ ತನ್ನಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕಾಯುವ ದಿನ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ಗಡಸು ನೀರು ಸಹಾಯಕ್ಕೂ ಬರುತ್ತದೆ. ಈ ಸೂಕ್ಷ್ಮಾಣುಗಳಿಗೆ ತುಸು ಕ್ಷಾರದ ನೀರೇ ಇಷ್ಟ. ನೀರಿನಲ್ಲಿ ಕರಗಿದ ಸುಣ್ಣದಂಶ ಪಿಎಚ್ ಏರಿಳಿಯದಂತೆ ಹಿಡಿದಿಡುತ್ತದೆ. ಮೆದುನೀರಿನ ತೊಟ್ಟಿಗಳಲ್ಲಿ ಪಿಎಚ್ ಒಮ್ಮೆಲೇ ಕುಸಿಯುವ ಭಯವಿರುತ್ತದೆ. ನಮಗೆ ಆ ಚಿಂತೆಯಿಲ್ಲ.

ಗಿಡ ಮೊದಲು

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849–50ರಲ್ಲಿ ಒಂದು ತೊಟ್ಟಿಯಲ್ಲಿ ಎರಡು ಬಂಗಾರದ ಮೀನು ಮತ್ತು ವ್ಯಾಲಿಸ್ನೇರಿಯಾ ಎಂಬ ಗಿಡ ಇಟ್ಟು ನೋಡಿದ. ಕೆಲವು ದಿನಗಳಲ್ಲಿ ಹಳೆಯ ಎಲೆ ಕೊಳೆತು ನೀರು ಕದಡಿತು. ಆಗ ಕೊಳದ ಬಸವನ ಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಮೂರರ ಜಮಾ-ಖರ್ಚು ತಾಳೆಯಾಯಿತು! 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಗಳ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಎಲ್ಲರ ಬಾಯಿಗೆ ಬಂತು.

ವಾರಿಂಗ್ಟನ್ ಇಟ್ಟ ಆ ವ್ಯಾಲಿಸ್ನೇರಿಯಾ ನಮ್ಮ ನೀರಿಗೆ ಹೇಳಿ ಮಾಡಿಸಿದ ಗಿಡ. ಹಸಿರು ರಿಬ್ಬನ್ನಿನ ಹಾಗೆ ಉದ್ದ ಎಲೆ. ಹೈಡ್ರಿಲ್ಲಾ, ಹಾರ್ನ್‌ವರ್ಟ್ ಕೂಡ ಒಳ್ಳೆಯವು. ಭಾರತದ ಕೆರೆ-ಹೊಂಡಗಳಲ್ಲಿ ಇವು ತಾವಾಗಿಯೇ ಬೆಳೆಯುತ್ತವೆ. ಕೆರೆಯಿಂದ ತಂದರೆ ಚೆನ್ನಾಗಿ ತೊಳೆದು ಕೆಲವು ದಿನ ಬಕೆಟ್ಟಿನಲ್ಲಿಟ್ಟು ನೋಡಿ. ಅದರೊಳಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳು ಸೇರಿಕೊಂಡಿದ್ದರೆ ಮೀನುಮರಿಗಳನ್ನು ತಿಂದುಹಾಕುತ್ತದೆ. ಕಡಿಮೆ ಬೆಳಕಿನ ಮೂಲೆಗೆ ಜಾವಾ ಫರ್ನ್, ಅನುಬಿಯಾಸ್ ಸಾಕು. ಇವನ್ನು ಉಸುಕಿನಲ್ಲಿ ಹುಗಿಯದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು.

ಗಿಡ ಬರೀ ಅಂದಕ್ಕಲ್ಲ. ಅಮೋನಿಯಾವನ್ನು ನೇರವಾಗಿಯೇ ಹೀರಿಕೊಂಡು ಬೆಳೆಯುತ್ತದೆ. ಮೊದಲ ದಿನವೇ ಒತ್ತಾಗಿ ನೆಟ್ಟರೆ ತೊಟ್ಟಿಗೆ ಎರಡನೇ ಕಾವಲು ಸಿಕ್ಕಂತೆ.

ಇನ್ನೊಂದು ಸೋಜಿಗ. ಬೆಳಕಿನಲ್ಲಿ ಗಿಡಕ್ಕೆ ಇಂಗಾಲ ಬೇಕು. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದಾದಾಗ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಗಿಡಗಳು ಗಡಸು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ. ಆಗ ಎಲೆಯ ಮೇಲೆ ತೆಳುವಾದ ಬಿಳಿ ಪುಡಿ ಕೂರುವುದುಂಟು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಅಂದರೆ ನೆಲದಡಿಯಲ್ಲಿ ಕರಗಿದ ಫರಸಿ, ನಮ್ಮ ಪಡಸಾಲೆಯಲ್ಲಿ ಎಲೆಯ ಮೇಲೆ ಮತ್ತೆ ಕಲ್ಲಾಗುತ್ತದೆ! ಅದನ್ನು ರೋಗವೆಂದು ತಿಳಿದು ಗಿಡ ಕಿತ್ತೆಸೆಯಬೇಡಿ. ಹೊಸ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಹೊಲದ ಬೆಳೆಗೆ ಆಗುವಂಥದ್ದೇ. ಅಕ್ವೇರಿಯಂ ಗಿಡಕ್ಕೆಂದೇ ಸಿಗುವ ಕಬ್ಬಿಣದ ಗೊಬ್ಬರ ಹನಿ ಲೆಕ್ಕದಲ್ಲಿ ಹಾಕಿದರೆ ಸರಿಹೋಗುತ್ತದೆ.

ವ್ಯಾಲಿಸ್ನೇರಿಯಾ ಹೂಬಿಟ್ಟರೆ ಮಕ್ಕಳನ್ನು ಕರೆದು ತೋರಿಸಿ. ಹೆಣ್ಣು ಹೂವು ಉದ್ದ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬರುತ್ತದೆ. ಗಂಡು ಹೂವುಗಳು ಬುಡದಲ್ಲೇ ಕಳಚಿ ತೇಲಿ ಬಂದು ಅದನ್ನು ಮುಟ್ಟುತ್ತವೆ. ಆಮೇಲೆ ಆ ತೊಟ್ಟು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಕಾಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ.

ನಮ್ಮ ನೀರಿಗೊಪ್ಪುವ ಮೀನು

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದರೆ ನಮ್ಮ ಪಕ್ಕದ ಬಸವಕಲ್ಯಾಣದಿಂದ ಆಳಿದವನು, 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ವಿಷಯ ಗಾಳ ಹಾಕುವುದೇ ಆದರೂ, ಯಾವ ಮೀನು ಎಂಥದ್ದು, ಯಾವುದಕ್ಕೆ ಯಾವ ಆಹಾರ ಎಂದು ವಿಂಗಡಿಸಿ ಹೇಳಿದ್ದಾನೆ. ಮೀನಿನ ಸ್ವಭಾವ ತಿಳಿಯದೆ ಅದರ ಹತ್ತಿರ ಹೋಗಬಾರದೆಂಬ ಬುದ್ಧಿ ನಮ್ಮ ಸೀಮೆಗೆ ಹೊಸದಲ್ಲ.

ನಿಯಾನ್ ಟೆಟ್ರಾ, ಡಿಸ್ಕಸ್ ನೋಡಲು ಚಂದ. ಆದರೆ ಅವುಗಳ ತವರು ಅಮೆಜಾನಿನ ಮೆದುವಾದ, ಹುಳಿ ನೀರು. ನಮ್ಮಲ್ಲಿಗೆ ತಂದು ಹಿಂಸೆ ಕೊಡುವುದು ಬೇಡ. ಗಪ್ಪಿ, ಮೊಲ್ಲಿ, ಪ್ಲಾಟಿ ಈ ಮೂರು ಗಡಸು ನೀರಿನಲ್ಲಿ ಸುಖವಾಗಿರುತ್ತವೆ. ದೊಡ್ಡ ಬೆನ್ನುರೆಕ್ಕೆಯ ಒಂದು ಜಾತಿಯ ಮೊಲ್ಲಿಯ ತವರು ಮೆಕ್ಸಿಕೊದ ಯುಕಟಾನ್. ಅದೂ ನಮ್ಮಂತೆ ಸುಣ್ಣದಕಲ್ಲಿನ ನಾಡು! ನಮ್ಮ ಉಪಖಂಡದ್ದೇ ಆದ ಪಟ್ಟೆ ಪಟ್ಟೆಯ ಜೀಬ್ರಾ ಮೀನೂ ಗಟ್ಟಿ ಜೀವ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಅದನ್ನು ವಿವರಿಸಿದ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ವೈದ್ಯಕೀಯ ಸಂಶೋಧನೆಗೆ ಬಳಸುವ ಮೀನು ಅದು.

ಎರಡಡಿ ತೊಟ್ಟಿಗೆ ಆರು ಜೀಬ್ರಾ, ಐದಾರು ಗಪ್ಪಿ ಸಾಕು. ಅದನ್ನೂ ಒಂದೇ ದಿನ ತರಬೇಡಿ. ವಾರಕ್ಕೆ ಮೂರು ನಾಲ್ಕರಂತೆ ತನ್ನಿ. ಗಪ್ಪಿಯಲ್ಲಿ ಗಂಡುಗಳನ್ನಷ್ಟೇ ಆರಿಸಿ. ಹೆಣ್ಣಿದ್ದರೆ ತಿಂಗಳಿಗೊಮ್ಮೆ ಹಿಂಡು ಮರಿ ಹಾಕುತ್ತದೆ, ವರ್ಷದೊಳಗೆ ತೊಟ್ಟಿ ಹಬ್ಬದ ದಿನದ ವಾಡಿ ಜಂಕ್ಷನ್ ಆಗುತ್ತದೆ. ಬಂಗಾರದ ಮೀನು ಗೇಣುದ್ದ ಬೆಳೆಯುತ್ತದೆ, ಹೊಲಸು ಹೆಚ್ಚು ಮಾಡುತ್ತದೆ, ಗಿಡವನ್ನೂ ಕೀಳುತ್ತದೆ. ಸಣ್ಣ ತೊಟ್ಟಿಗೆ ಅದು ಸಲ್ಲದು.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಂದು ದಿನ ಉಪವಾಸ. ದೀಪ ದಿನಕ್ಕೆ ಎಂಟು ತಾಸು, ಹೆಚ್ಚಿದರೆ ಪಾಚಿ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿ. ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಇಲ್ಲವಾದರೆ ಕಾಣದ ಕೆಲಸಗಾರರು ಸಾಯುತ್ತಾರೆ. ಉಳಿದ ನೀರು ತುಳಸಿಗೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ.

ಎರಡು ಎಚ್ಚರಿಕೆ ಹಿರಿಯರಿಗೆ. ನೀರು, ಉಸುಕು, ಗಾಜು ಸೇರಿ ಇಂಥ ತೊಟ್ಟಿ ಮುಕ್ಕಾಲು ಕ್ವಿಂಟಲ್ ತೂಗುತ್ತದೆ. ಫರಸಿ ಹಾಸಿದ ಗಟ್ಟಿ ಕಟ್ಟೆಯ ಮೇಲೆ ಥರ್ಮಾಕೋಲ್ ಹಾಳೆಯಿಟ್ಟು ಅದರ ಮೇಲಿಡಿ. ನೀರಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ ಆರಿಸಿ ಪ್ಲಗ್ ಕೀಳಬೇಕೆಂದು ಮಕ್ಕಳಿಗೆ ಕಲಿಸಿ.

ಏಪ್ರಿಲ್–ಮೇ ಪರೀಕ್ಷೆ

ನಮ್ಮ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಮಾಮೂಲು. ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಮೂವತ್ತೈದು ಡಿಗ್ರಿಯದು ಹಿಡಿಯುವುದು ಸುಮಾರು 7 ಮಾತ್ರ. ಮೀನಿಗೆ ಸೆಕೆಯಲ್ಲಿ ಉಸಿರು ಹೆಚ್ಚು ಬೇಕು, ಸಿಗುವುದು ಕಡಿಮೆ. ತೊಟ್ಟಿಯನ್ನು ಮನೆಯ ತಂಪು ಮೂಲೆಯಲ್ಲಿಡಿ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಮಾಡಿ. ಮಣ್ಣಿನ ಕೊಡದ ಹಾಗೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆಹಾರ ಅರ್ಧಕ್ಕಿಳಿಸಿ.

ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬೋರ್‌ವೆಲ್ ನೀರಿನಿಂದಲೇ ತುಂಬುತ್ತ ಹೋದರೆ ಬಡ್ಡಿಯ ಮೇಲೆ ಬಡ್ಡಿ ಬೆಳೆದಂತೆ ಗಡಸುತನ ಏರುತ್ತದೆ. ಆವಿಯಾದ ಪಾಲನ್ನು ತುಂಬಲು ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಅಥವಾ ಮಳೆನೀರು ಬಳಸಿ. ಇಡೀ ತೊಟ್ಟಿಗೆ ಆ ನೀರು ಬೇಡ, ಅದರಲ್ಲಿ ಮೊಲ್ಲಿ-ಗಪ್ಪಿಗೆ ಬೇಕಾದ ಲವಣಗಳಿರುವುದಿಲ್ಲ.

ಕರೆಂಟು ಹೋದರೆ? ಹಗಲಾದರೆ ಕಿಟಕಿಯ ಬೆಳಕಿನಲ್ಲಿ ಗಿಡಗಳೇ ಆಮ್ಲಜನಕ ಕೊಡುತ್ತವೆ. ರಾತ್ರಿ ಗಿಡವೂ ಆಮ್ಲಜನಕ ಬಳಸುತ್ತದೆ. ಆಗ ಹತ್ತು ನಿಮಿಷಕ್ಕೊಮ್ಮೆ ಚೊಂಬಿನಿಂದ ನೀರು ಎತ್ತಿ ಎತ್ತರದಿಂದ ಸುರಿಯಿರಿ. ರಜೆಗೆ ಬಂದ ಮೊಮ್ಮಕ್ಕಳಿಗೆ ಇದಕ್ಕಿಂತ ಪ್ರೀತಿಯ ಕೆಲಸ ನನಗೆ ಗೊತ್ತಿಲ್ಲ.

ಕಾಗಿಣಾಕ್ಕೆ ಬಿಡಬೇಡಿ

ಸಾಕಲು ಆಗದಿದ್ದರೆ ಮೀನನ್ನು ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ ಎನ್ನುವವರಿದ್ದಾರೆ. ಅದು ಪುಣ್ಯವಲ್ಲ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಬಿಟ್ಟು ಬಿಟ್ಟು ಇಂದು ಭಾರತದ ಹಲವು ಕೆರೆ-ನದಿಗಳಲ್ಲಿ ತುಂಬಿಕೊಂಡಿದೆ. ದಂಡೆಯಲ್ಲಿ ಬಿಲ ತೋಡುತ್ತದೆ, ಬಲೆ ಹರಿಯುತ್ತದೆ, ನಮ್ಮ ಮೀನುಗಳ ಊಟ ಕಸಿಯುತ್ತದೆ. ಕೆರೆಗಳನ್ನು ಮುಚ್ಚಿರುವ ವಾಟರ್ ಹಯಸಿಂತ್ ಕೂಡ ನೇರಳೆ ಹೂವಿನ ಅಂದಕ್ಕೆಂದೇ ನಮ್ಮ ದೇಶಕ್ಕೆ ಬಂದದ್ದು. ಬೇಡವಾದ ಮೀನನ್ನು ಅಂಗಡಿಗೋ ಸಾಕುವ ಗೆಳೆಯರಿಗೋ ಕೊಡಿ. ಕತ್ತರಿಸಿದ ಗಿಡವನ್ನು ಒಣಗಿಸಿ ತಿಪ್ಪೆಗೆ ಹಾಕಿ. ಕಾಗಿಣಾ, ಭೀಮಾ, ಮುಲ್ಲಾಮಾರಿ ಹೊಳೆಗಳಿಗೆ ಅವುಗಳ ಮೀನುಗಳೇ ಸಾಕು.

ಎದುರು ಮನೆಯ ಹುಡುಗಿ ಉಳಿದ ಎರಡು ಬಂಗಾರದ ಮೀನುಗಳನ್ನು ದೊಡ್ಡ ಸಿಮೆಂಟ್ ತೊಟ್ಟಿಯಿದ್ದ ಬಂಧುಗಳಿಗೆ ಕೊಟ್ಟು, ತನ್ನ ತೊಟ್ಟಿಯಲ್ಲಿ ಗಿಡ ಮಾತ್ರ ನೆಟ್ಟು ಮೂವತ್ತೆಂಟು ದಿನ ಕಾದಳು. ಈಗ ಹೈಸ್ಕೂಲಿನಲ್ಲಿದ್ದಾಳೆ, ತೊಟ್ಟಿಯೂ ಇದೆ.

ನೀವೂ ಇಂದೇ ಒಂದು ನೋಟುಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ತಾರೀಖು, ನೀರಿನ ಶಾಖ, ಪಿಎಚ್, ಅಮೋನಿಯಾ, ನೈಟ್ರೈಟ್. ಕೊನೆಯ ಎರಡರಲ್ಲಿ ಸೊನ್ನೆ ಬರುವ ತನಕ ಮೀನಿನ ಅಂಗಡಿಯ ಕಡೆ ಹೋಗಬೇಡಿ. ಬ್ಯಾಂಕಿನಲ್ಲಿ ಸೊನ್ನೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಸೊನ್ನೆ ಕಂಡು ಕುಣಿಯಬಹುದಾದ ಖಾತೆ ಇದೊಂದೇ.